ಅಲ್ಲಿ ನೀರಿಗೆ ಏನ್ ಮಾಡಿದ್ರಿ?

ಪಶ್ಚಿಮ ಆಸ್ಟ್ರೇಲಿಯಾದ ಚಿನ್ನದ ಗಣಿ ಸೀಮೆಯಲ್ಲಿ ಸೈಕಲ್ ತುಳಿದು ಬಂದೆ ಅಂತ ಹೇಳಿದರೆ ಸಾಕು, ಎಲ್ಲರದ್ದೂ ಒಂದೇ ಪ್ರಶ್ನೆ: 'ಅಲ್ಲಿ ನೀರಿಗೆ ಏನ್ ಮಾಡಿದ್ರಿ?' ಹಾವು, ಬಿಸಿಲು, ಒಂಟಿತನ ಎಲ್ಲ ಆಮೇಲೆ. ಮೊದಲು ನೀರು.

'ಹೊತ್ಕೊಂಡು ಹೋದೆ' ಅಂತ ಹೇಳಿ ಮುಗಿಸುತ್ತಿದ್ದೆ. ಅದು ಅರ್ಧ ಉತ್ತರ ಮಾತ್ರ. ಆ ಸೀಮೆಗೆ ಬಂದವರೆಲ್ಲ ಇದೇ ಪ್ರಶ್ನೆ ಎದುರಿಸಿದ್ದಾರೆ. ಒಬ್ಬೊಬ್ಬರು ಒಂದೊಂದು ದಾರಿ ಕಂಡುಕೊಂಡಿದ್ದಾರೆ. ಅದರ ಗುರುತುಗಳು ಇವತ್ತಿಗೂ ಕಾಣಿಸುತ್ತವೆ. ಅದಕ್ಕೇ ಇಲ್ಲಿ ಒಂದು ದಿನದ ಸವಾರಿಯನ್ನು ಪೂರ್ತಿ ಹೇಳುತ್ತೇನೆ. ನಾರ್ಸ್‌ಮನ್‌ನಿಂದ ವಿಡ್ಜಿಮುಲ್ತಾಗೆ, ಸುಮಾರು 90 ಕಿಲೋಮೀಟರ್. ತಿಂಗಳು ಅಕ್ಟೋಬರ್. ನಡುವೆ ಒಂದು ಅಂಗಡಿಯಿಲ್ಲ, ಒಂದು ನಲ್ಲಿಯಿಲ್ಲ.

ಬೆಳಗ್ಗೆ ಐದಕ್ಕೆ ಎದ್ದು ನಾರ್ಸ್‌ಮನ್‌ನ ನಲ್ಲಿಯಲ್ಲಿ 11 ಲೀಟರ್ ತುಂಬಿಸಿಕೊಂಡೆ. ಸೈಕಲ್ಲಿನ ಚೌಕಟ್ಟಿಗೆ ಒಂದೊಂದು ಲೀಟರಿನ ಮೂರು ಬಾಟಲಿ, ಹಿಂದಿನ ಚಕ್ರದ ಎರಡು ಬದಿಯ ಬ್ಯಾಗುಗಳಲ್ಲಿ ನಾಲ್ಕು ನಾಲ್ಕು ಲೀಟರಿನ ಎರಡು ಚೀಲ. 90 ಕಿಲೋಮೀಟರಿಗೆ ಇಷ್ಟೊಂದು ಯಾಕೆ ಅನ್ನಿಸಬಹುದು. ಬಿಸಿಲಲ್ಲಿ ತುಳಿಯುವಾಗ ಗಂಟೆಗೆ ಒಂದು ಲೀಟರ್ ಅಂತ ನನ್ನ ಲೆಕ್ಕ. ಏಳು ಗಂಟೆಗೆ ಏಳು ಲೀಟರ್ ಆಯಿತು. ಎದುರು ಗಾಳಿ ಬೀಸಿದರೆ ಅಥವಾ ಏನಾದರೂ ಮುರಿದರೆ ಒಂದು ರಾತ್ರಿ ದಾರಿಯಲ್ಲೇ ಕಳೆಯಬೇಕಾಗುತ್ತದೆ. ಉಳಿದ ನಾಲ್ಕು ಲೀಟರ್ ಆ ರಾತ್ರಿಗೆ. ಅಷ್ಟೂ ಸೇರಿ 11 ಕಿಲೋ. ಮೊದಲ ಒಂದು ಗಂಟೆ ಸೈಕಲ್ ಮಾತೇ ಕೇಳುವುದಿಲ್ಲ, ಏರಿನಲ್ಲಂತೂ ಹಿಂದಕ್ಕೆ ಎಳೆದ ಹಾಗಾಗುತ್ತದೆ.

ಆ ನಲ್ಲಿಯ ನೀರಿನ ಕಥೆ ಗೊತ್ತಾದ ಮೇಲೆ ಬಾಟಲಿ ತುಂಬಿಸುವಾಗ ಒಂದು ಹನಿ ಚೆಲ್ಲುವುದಕ್ಕೂ ಮನಸ್ಸು ಬರಲಿಲ್ಲ. ಅದು ಬರುವುದು ಪರ್ತ್ ಪಕ್ಕದ ಗುಡ್ಡಗಳಲ್ಲಿರುವ ಮುಂಡರಿಂಗ್‌ನಿಂದ, 600 ಕಿಲೋಮೀಟರಿಗೂ ಹೆಚ್ಚು ದೂರ ಪೈಪಿನಲ್ಲಿ ಹರಿದು. ಕೂಲ್‌ಗಾರ್ಡಿಯಲ್ಲಿ ಚಿನ್ನ ಸಿಕ್ಕಿದ್ದು 1892ರಲ್ಲಿ, ಕಾಲ್ಗೂರ್ಲಿಯಲ್ಲಿ 1893ರಲ್ಲಿ. ಸಾವಿರಾರು ಜನ ನುಗ್ಗಿದರು. ಕುಡಿಯಲು ನೀರಿಲ್ಲ, ಇದ್ದದ್ದು ಕೊಳಕು. ಟೈಫಾಯ್ಡ್‌ಗೆ ಎಷ್ಟೋ ಜನ ಸತ್ತರು. ಆಗ ಸಿ. ವೈ. ಓ'ಕಾನರ್ ಎಂಬ ಎಂಜಿನಿಯರ್ ಎಂಟು ಪಂಪ್ ಸ್ಟೇಷನ್‌ಗಳನ್ನಿಟ್ಟು ಸಮುದ್ರದ ಕಡೆಯಿಂದ ಮರುಭೂಮಿಯ ಅಂಚಿಗೆ ನೀರು ತಳ್ಳುವ ಯೋಜನೆ ಮಾಡಿದರು. ಲೆಕ್ಕ ಹಾಕಿದ್ದು ದಿನಕ್ಕೆ 50 ಲಕ್ಷ ಗ್ಯಾಲನ್. ಪತ್ರಿಕೆಗಳು, ರಾಜಕಾರಣಿಗಳು ಅವರ ಮೇಲೆ ಮುಗಿಬಿದ್ದರು. 1902ರ ಮಾರ್ಚ್‌ನಲ್ಲಿ ಅವರು ತಮ್ಮ ಜೀವ ತಾವೇ ತೆಗೆದುಕೊಂಡರು. 1903ರ ಜನವರಿಯಲ್ಲಿ ನೀರು ಕಾಲ್ಗೂರ್ಲಿ ಮುಟ್ಟಿತು. ಹತ್ತೇ ಹತ್ತು ತಿಂಗಳು. ಇದನ್ನು ಓದಿದಾಗಿನಿಂದ ನನಗೆ ಹೊಟ್ಟೆಯಲ್ಲಿ ಸಂಕಟ.

ಊರು ದಾಟುವಾಗ ವೃತ್ತದಲ್ಲಿ ತಗಡಿನಲ್ಲಿ ಮಾಡಿದ ಒಂಟೆಗಳು ನಿಂತಿವೆ. ಊರಿನ ಹೆಸರೇ ಒಂದು ಕುದುರೆಯದು. 1894ರಲ್ಲಿ ಆ ಕುದುರೆ ನೆಲ ಕೆರೆದಾಗ ಚಿನ್ನದ ಗಟ್ಟಿ ಮೇಲೆ ಬಂತಂತೆ. ಕುದುರೆಗೆ ಹೆಸರು ಸಿಕ್ಕಿತು, ಆದರೆ ನೀರಿಲ್ಲದ ಸೀಮೆಯಲ್ಲಿ ಸಾಮಾನು ಹೊತ್ತು ದುಡಿದದ್ದು ಒಂಟೆಗಳು. ಅವುಗಳ ಜೊತೆ ಬಂದವರನ್ನು ಅಲ್ಲಿ 'ಆಫ್ಘನ್ನರು' ಅಂತ ಕರೆಯುತ್ತಿದ್ದರು. ನಿಜಕ್ಕೂ ಅವರಲ್ಲಿ ಪಂಜಾಬ್, ಸಿಂಧ್, ಬಲೂಚಿಸ್ತಾನದವರೂ ಇದ್ದರು.

ಊರಾಚೆ ಕೋವನ್ ಕೆರೆ. ಹೆಸರಿಗೆ ಕೆರೆ, ಕಣ್ಣಿಗೆ ಬರೀ ಉಪ್ಪು. ರಸ್ತೆ ಅದರ ನಡುವೆ ಕಟ್ಟಿದ ಏರಿಯ ಮೇಲೆ ಹೋಗುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೆ ಆ ಬಯಲು ತಿಳಿ ಗುಲಾಬಿಯಾಗಿತ್ತು. ಸೈಕಲ್ ನಿಲ್ಲಿಸಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ, ನಾಲಿಗೆ ಕಹಿಯಾಯಿತು. ಪೈಪ್ ಬರುವ ಮೊದಲು ಗಣಿಯವರು ಕುಡಿದದ್ದು ಇಂಥ ನೀರನ್ನೇ. ಉಪ್ಪುನೀರನ್ನು ಕುದಿಸಿ, ಹಬೆಯನ್ನು ತಗಡಿನ ಕೊಳವೆಗಳಲ್ಲಿ ತಣಿಸಿ ಸಿಹಿನೀರು ಇಳಿಸುತ್ತಿದ್ದರು. ಅದಕ್ಕೆ ಹಗಲೂ ರಾತ್ರಿ ಒಲೆ ಉರಿಯಬೇಕು. ಒಲೆಗೆ ಸೌದೆ ಬೇಕು. ಸುತ್ತಲಿನ ಕಾಡು ಹಾಗೆ ಹೋಯಿತು.

ಕೆರೆ ದಾಟಿದ ಮೇಲೆ ಸಿಗುವ ಮರಗಳನ್ನು ನೋಡಿದಾಗ ಈ ಮಾತು ಇನ್ನೂ ಚುಚ್ಚುತ್ತದೆ. ಸಾಲ್ಮನ್ ಗಮ್ ಅಂತ ಒಂದು ನೀಲಗಿರಿ ಜಾತಿಯ ಮರ. ತೊಗಟೆ ನುಣ್ಣಗೆ, ಎಣ್ಣೆ ಹಚ್ಚಿದ ಹಾಗೆ, ಬೆಳಗಿನ ಬಿಸಿಲಿಗೆ ಕೆಂಪು ಕಿತ್ತಳೆ. ಈ ಕಾಡಿನ ಹರವು 1.6 ಕೋಟಿ ಹೆಕ್ಟೇರ್. ಕಡಿದ ಕಡೆಯೂ ಮತ್ತೆ ಚಿಗುರಿ ನಿಂತಿದೆ. 'ಗಣಿ ಸೀಮೆ ಅಂದ್ರೆ ಬೋಳು ನೆಲ ಅಲ್ವಾ?' ಅಂತ ಕೇಳುವವರಿಗೆ ನಾನು ಈ ಮರಗಳ ಫೋಟೋ ತೋರಿಸುತ್ತೇನೆ.

ರೋಡ್ ಟ್ರೇನ್‌ಗಳ ಬಗ್ಗೆ ಎರಡು ಮಾತು. ಮೂರು ಟ್ರೇಲರ್ ಎಳೆಯುವ ಲಾರಿ 53.5 ಮೀಟರ್‌ವರೆಗೂ ಉದ್ದ ಇರುತ್ತದೆ. ಹಿಂದೆ ಒಂದು, ಮುಂದೆ ಒಂದು ಒಟ್ಟಿಗೆ ಬರುವುದು ಕಂಡರೆ ಯೋಚಿಸಬೇಡಿ, ರಸ್ತೆ ಬಿಟ್ಟು ಮಣ್ಣಿಗೆ ಇಳಿಯಿರಿ. ಅಷ್ಟು ಭಾರ ಎಳೆಯುವವರಿಗೆ ತಟ್ಟನೆ ನಿಲ್ಲಿಸಲು ಆಗುವುದಿಲ್ಲ. ನಾನು ಇಳಿದಾಗಲೆಲ್ಲ ಅವರು ಕೈ ಎತ್ತಿದರು.

ಹತ್ತೂವರೆಗೆ ನೆರಳಿಗೆ ಕೂತಾಗ ಬ್ಯಾಗಿನ ತಳ ಒದ್ದೆ. ಒಂದು ಚೀಲದ ಮುಚ್ಚಳ ಸಡಿಲವಾಗಿ ಒಂದೂವರೆ ಲೀಟರ್ ನೀರು ಮಣ್ಣು ಪಾಲಾಗಿತ್ತು. ಕೈ ನಡುಗಿತು. ಮಿಕ್ಕ ಚೀಲ, ಬಾಟಲಿ ಎಲ್ಲ ನೆಟ್ಟಗಿದ್ದವು. ನೀರನ್ನು ಒಂದೇ ಪಾತ್ರೆಯಲ್ಲಿ ಯಾವತ್ತೂ ಒಯ್ಯಬೇಡಿ ಅಂತ ಇದಕ್ಕೇ ಹೇಳುವುದು. ಜೊತೆಗೆ ಉಪ್ಪೂ ಬೇಕು. ಬೆವರು ಸುರಿಸುತ್ತಾ ಬರೀ ನೀರು ಜಾಸ್ತಿ ಕುಡಿದರೆ ಮೈಯಲ್ಲಿ ಸೋಡಿಯಂ ಇಳಿದು ತಲೆ ತಿರುಗುತ್ತದೆ, ಜೀವಕ್ಕೂ ಅಪಾಯ.

ಮಧ್ಯಾಹ್ನ ರಸ್ತೆಯಿಂದ ಸ್ವಲ್ಪ ದೂರದಲ್ಲಿ ಒಂದು ಹಾಸುಬಂಡೆ ಕಂಡಿತು. ಅದರ ಮೈಮೇಲೆ ಒಂದು ಗುಂಡಿ, ಬಾಯಿಗೆ ಚಪ್ಪಟೆ ಕಲ್ಲು ಮುಚ್ಚಿದೆ. ಇಂಥದಕ್ಕೆ ಅಲ್ಲಿ ನಾಮಾ ಅನ್ನುತ್ತಾರೆ. ಮಳೆನೀರು ಬಂಡೆಯ ಮೇಲೆ ಜಾರಿ ಗುಂಡಿಗೆ ಇಳಿಯುತ್ತದೆ. ಕಲ್ಲು ಮುಚ್ಚಿದರೆ ನೀರು ಆವಿಯಾಗುವುದಿಲ್ಲ, ಪ್ರಾಣಿ ಬಿದ್ದು ಕೆಡುವುದಿಲ್ಲ. ಇದು ನಾಜು ಜನರ ನೆಲ. ಪೈಪು, ಒಲೆ, ಒಂಟೆ ಏನೂ ಬರುವ ಮೊದಲೇ ಅವರು ಇಲ್ಲಿ ಬದುಕಿದ್ದರು. ಯಾವ ಬಂಡೆಯಲ್ಲಿ ನೀರು ನಿಲ್ಲುತ್ತದೆ, ಯಾವ ಮರದ ಬೇರು ಹಿಂಡಿದರೆ ನೀರು ಬರುತ್ತದೆ ಅಂತ ಅವರಿಗೆ ಗೊತ್ತಿತ್ತು. ಎಲ್ಲ ಉತ್ತರಗಳಲ್ಲಿ ನನಗೆ ಹೆಚ್ಚು ಗೌರವ ಇರುವುದು ಈ ಮುಚ್ಚಳದ ಕಲ್ಲಿನ ಮೇಲೆ. ಪಕ್ಕದಲ್ಲಿ ಕೂತೆ, ಕಲ್ಲನ್ನು ಮುಟ್ಟಲಿಲ್ಲ. ನನ್ನ ಹತ್ತಿರ ನೀರಿತ್ತು.

ಅಲ್ಲಿ ಕೂತಾಗ ನೆನಪಾದದ್ದು ನಮ್ಮ ಸೈಕಲ್ಲಿನ ಉತ್ತರ. ಚಿನ್ನದ ಗದ್ದಲದ ಕಾಲದಲ್ಲಿ ಈ ಸೀಮೆಯಲ್ಲಿ ಸೈಕಲ್ ತುಂಬಾ ಓಡಾಡುತ್ತಿತ್ತು. ಕಾರಣ ಸರಳ. ಕುದುರೆಗೆ ನೀರು ಬೇಕು, ಮೇವು ಬೇಕು, ಸೈಕಲ್ಲಿಗೆ ಎರಡೂ ಬೇಡ. ಒಂಟೆಗಳ ಮೆತ್ತನೆಯ ಪಾದ ತುಳಿದೂ ತುಳಿದೂ ನೆಲ ಗಟ್ಟಿಯಾಗಿ, ಟೈರಿಗೆ ಹೇಳಿ ಮಾಡಿಸಿದಂಥ ದಾರಿಯಾಗಿತ್ತು. ತಂತಿ ಇಲ್ಲದ ಗಣಿ ಬಿಡಾರಗಳಿಗೆ ಕಾಗದ, ಸುದ್ದಿ ತಲುಪಿಸಲು ಸೈಕಲ್ ಸವಾರರಿದ್ದರು. 1896ರಲ್ಲಿ ಆರ್ಥರ್ ರಿಚರ್ಡ್‌ಸನ್ ಕೂಲ್‌ಗಾರ್ಡಿಯಿಂದ ಅಡಿಲೇಡ್‌ಗೆ 31 ದಿನದಲ್ಲಿ ಹೋದರು, ಜೊತೆಗೆ ಚಿಕ್ಕ ಗಂಟು ಮತ್ತು ನೀರಿನ ಚೀಲ. 1899-1900ರಲ್ಲಿ ಇಡೀ ಆಸ್ಟ್ರೇಲಿಯಾ ಸುತ್ತಿದರು. ಗೇರ್ ಇಲ್ಲ, ಡಾಂಬರ್ ಇಲ್ಲ. ನನ್ನ 11 ಲೀಟರ್ ಬಗ್ಗೆ ಗೊಣಗುವುದನ್ನು ಅಲ್ಲೇ ನಿಲ್ಲಿಸಿದೆ.

ಎರಡು ಗಂಟೆಯ ಹೊತ್ತಿಗೆ ದಕ್ಷಿಣದಿಂದ ಗಾಳಿ ಎದ್ದಿತು. ಸಮುದ್ರದ ಕಡೆಯಿಂದ ತಂಪು ತರುವ ಈ ಗಾಳಿಗೆ ಅಲ್ಲಿನವರು 'ಎಸ್ಪರೆನ್ಸ್ ಡಾಕ್ಟರ್' ಅನ್ನುತ್ತಾರೆ. ನಾನು ಹೋಗುತ್ತಿದ್ದದ್ದು ಉತ್ತರಕ್ಕೆ. ಬೆನ್ನಿಗೆ ಯಾರೋ ಕೈ ಇಟ್ಟು ತಳ್ಳಿದ ಹಾಗಾಯಿತು.

ಕೊನೆಯ ಭಾಗದಲ್ಲಿ ಗಣಿಯ ಅಡ್ಡದಾರಿಗಳು ಶುರುವಾದವು. ಒಂದು ಕಡೆ ಧೂಳು ಕೂರಿಸಲು ನೀರು ಚಿಮುಕಿಸಿದ್ದರು, ಹೊಂಡಗಳು ಫಳಫಳ ಹೊಳೆಯುತ್ತಿದ್ದವು. ಬಾಯಾರಿದವರಿಗೆ ಆಸೆ ಆಗುವುದು ಸಹಜ. ಆದರೆ ಅದು ನೆಲದಡಿಯಿಂದ ಎತ್ತಿದ ನೀರು, ಸಮುದ್ರಕ್ಕಿಂತ ಎಷ್ಟೋ ಪಟ್ಟು ಉಪ್ಪು. ಕುಡಿಯುವ ಮಾತಿರಲಿ, ಚೈನಿಗೆ ಸಿಡಿದರೂ ಒರೆಸಬೇಕು. ಡೇರೆ ಹಾಕಲು ಕತ್ತಲಲ್ಲಿ ಪೊದೆಗಳೊಳಗೆ ಹೋಗುವುದೂ ಬೇಡ, ಮುಚ್ಚದೆ ಬಿಟ್ಟ ಹಳೆಯ ಗಣಿ ಬಾವಿಗಳಿರುತ್ತವೆ.

ಮೂರೂವರೆಗೆ ವಿಡ್ಜಿಮುಲ್ತಾ ಬಂತು. ಹೆದ್ದಾರಿ ಪಕ್ಕ ರೋಡ್‌ಹೌಸ್, ಸುತ್ತ ಮಣ್ಣು ಮೆತ್ತಿದ ಗಣಿ ಗಾಡಿಗಳು. ಚೀಲದಲ್ಲಿ ಇನ್ನೂ ಎರಡು ಲೀಟರ್ ಉಳಿದಿತ್ತು. ಬಿಸಿಲಿಗೆ ಬೆಚ್ಚಗಾಗಿ ಪ್ಲಾಸ್ಟಿಕ್ ವಾಸನೆ ಹೊಡೆಯುತ್ತಿತ್ತು. ಚೆಲ್ಲಲು ಕೈ ಬರಲಿಲ್ಲ. ಅದರಲ್ಲೇ ಟೀ ಕಾಸಿ ಕುಡಿದೆ, ಆಮೇಲೆ ನಾಳೆಯ ನೀರು ಕೇಳಲು ಒಳಗೆ ಹೋದೆ.