ಹತ್ತು ವರ್ಷದ ಶಿಕ್ಷೆ, ಇನ್ನೂರು ಗ್ರಾಂ ತೂಕ

ಶಿಕ್ಷೆಯ ಕಲಂ ಓದುವಾಗ ಬಾಲದಿಂದ ಶುರುಮಾಡಿ. ಕೊನೆಯಲ್ಲಿ 'ಮೂರು ವರ್ಷಗಳವರೆಗೆ ವಿಸ್ತರಿಸಬಹುದಾದ' ಅಂತಿದ್ದರೆ ಸಂಸತ್ತು ಮೇಲಿನ ಗೆರೆ ಮಾತ್ರ ಎಳೆದಿದೆ, ಕೆಳಗೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ನ್ಯಾಯಾಧೀಶರಿಗೆ ಬಿಟ್ಟದ್ದು. 'ಹತ್ತು ವರ್ಷಕ್ಕೆ ಕಡಿಮೆಯಿಲ್ಲದ' ಅಂತಿದ್ದರೆ ಕೆಳಗಿನ ಗೆರೆಯನ್ನೂ ಅದೇ ಎಳೆದಿದೆ. ಆಗ ತುಮಕೂರಿನ ಸೆಷನ್ಸ್ ಕೋರ್ಟಾಗಲಿ, ಬೆಂಗಳೂರಿನ ಹೈಕೋರ್ಟಾಗಲಿ, ಒಂದು ದಿನವನ್ನೂ ಅದರ ಕೆಳಗೆ ಇಳಿಸುವಂತಿಲ್ಲ. 'ಜಡ್ಜ್ ಮನಸ್ಸು ಮಾಡಿದ್ದರೆ ಬಿಡಬಹುದಿತ್ತು' ಎಂದು ಕೋರ್ಟ್ ಗೇಟಿನ ಹತ್ತಿರ ಬೈದುಕೊಳ್ಳುವವರಿಗೆ ಈ ಎರಡನೇ ಗೆರೆ ಕಂಡಿರುವುದಿಲ್ಲ.

ಗಾಂಜಾ ಕೇಸನ್ನೇ ತೆಗೆದುಕೊಳ್ಳಿ. ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ 20ನೇ ಕಲಂ ಪ್ರಕಾರ ಒಂದು ಕೆ.ಜಿ.ಗಿಂತ ಕಡಿಮೆ ಸಿಕ್ಕರೆ ಗರಿಷ್ಠ ಒಂದು ವರ್ಷ, ಬರೀ ದಂಡಕ್ಕೂ ಮುಗಿಯಬಹುದು. ಅಲ್ಲಿಂದ 20 ಕೆ.ಜಿ.ವರೆಗೆ ಗರಿಷ್ಠ ಹತ್ತು ವರ್ಷ, ಕನಿಷ್ಠ ಇಲ್ಲ. 20 ಕೆ.ಜಿ. ದಾಟಿದರೆ ಕನಿಷ್ಠವೇ ಹತ್ತು ವರ್ಷ ಕಠಿಣ ಸಜೆ, ಕನಿಷ್ಠ ಒಂದು ಲಕ್ಷ ದಂಡ. ಜಾಮೀನಿಗೂ 37ನೇ ಕಲಂ ಅಡ್ಡ ನಿಲ್ಲುತ್ತದೆ. ಅಂದರೆ 19 ಕೆ.ಜಿ. 900 ಗ್ರಾಂ ಇದ್ದವನಿಗೆ ನ್ಯಾಯಾಧೀಶರು ಒಂದು ವರ್ಷ ಕೊಡಬಹುದು, ಎಂಟೂ ಕೊಡಬಹುದು. 20 ಕೆ.ಜಿ. 100 ಗ್ರಾಂ ಇದ್ದವನ ಮುಂದೆ ಅವರ ಕೈ ಕಟ್ಟಿದೆ.

ಈ ಇನ್ನೂರು ಗ್ರಾಂ ಎಲ್ಲಿ ಹುಟ್ಟುತ್ತದೆ? ಪಾವಗಡ ಕಡೆಯ ಒಂದು ಕಡ್ಲೆಕಾಯಿ ಹೊಲ ಎಂದುಕೊಳ್ಳಿ. ಅಕ್ಕಡಿ ಸಾಲಿನ ತೊಗರಿ ಮರೆಯಲ್ಲಿ ಗಾಂಜಾ ಗಿಡಗಳಿವೆ. ಪೊಲೀಸರು ಬಂದು ಬೇರುಸಮೇತ ಕೀಳುತ್ತಾರೆ, ಮಣ್ಣು ಒದರುತ್ತಾರೆ, ಗೋಣಿಚೀಲಕ್ಕೆ ತುಂಬುತ್ತಾರೆ, ಪಕ್ಕದೂರಿನ ಅಂಗಡಿಯಿಂದ ತಂದ ತಕ್ಕಡಿಯಲ್ಲಿ ತೂಗಿ ಪಂಚರ ಸಹಿ ಹಾಕಿಸುತ್ತಾರೆ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿ. ಬೇರು, ದಂಟು ಗಾಂಜಾ ಅಲ್ಲ. ತುದಿಯಿಂದ ಬಿಡಿಯಾಗಿರುವ ಎಲೆ, ಬೀಜವೂ ಅಲ್ಲ. ಗೋಣಿಚೀಲವೊಂದೇ ಅರ್ಧ ಕೆ.ಜಿ. ಮೇಲೆ ತೂಗುತ್ತದೆ. ಹಸಿ ಗಿಡ ನಾಲ್ಕು ದಿನ ಠಾಣೆಯಲ್ಲಿದ್ದರೆ ಒಣಗಿ ಹಗುರಾಗುತ್ತದೆ, ಮ್ಯಾಜಿಸ್ಟ್ರೇಟರ ಮುಂದೆ 52ಎ ಕಲಂ ಪ್ರಕಾರ ಮತ್ತೆ ತೂಗಿದಾಗ ಲೆಕ್ಕ ತಾಳೆಯಾಗುವುದಿಲ್ಲ. ಮಹಜರಿನಲ್ಲಿ ಚೀಲದ ತೂಕ ಬೇರೆ, ತುದಿಗಳ ತೂಕ ಬೇರೆ ಬರೆದಿದೆಯೇ, ತಕ್ಕಡಿಗೆ ಅವಧಿ ಮುಗಿಯದ ಸರ್ಕಾರಿ ಮುದ್ರೆ ಇತ್ತೇ, ಮಾದರಿಯನ್ನು ಮ್ಯಾಜಿಸ್ಟ್ರೇಟರ ಎದುರೇ ತೆಗೆದರೇ (ಗಾಂಜಾಕ್ಕೆ 24 ಗ್ರಾಂನಂತೆ ಎರಡು ಪ್ರತಿ) ಎಂದು ವಕೀಲರು ನೋಡಬೇಕು. ಇನ್ನೊಂದು: ಬೆಳೆದ ಗಿಡಕ್ಕೆ 20(ಎ) ಉಪಕಲಂ ಬೇರೆಯೇ ಇದೆ. ಅದರಲ್ಲಿ ಗರಿಷ್ಠ ಹತ್ತು ವರ್ಷ, ಕನಿಷ್ಠ ಇಲ್ಲ, ತೂಕದ ಲೆಕ್ಕವೇ ಬರುವುದಿಲ್ಲ. ಹೊಲದಲ್ಲಿ ನಿಂತ ಗಿಡವನ್ನು ಕಿತ್ತು ಚೀಲಕ್ಕೆ ಹಾಕಿ 'ವಶದಲ್ಲಿತ್ತು' ಎಂದು ಬರೆದರೆ ಅದೇ ರೈತ 20(ಬಿ)ಗೆ, ಅಂದರೆ ಹತ್ತು ವರ್ಷದ ಕೆಳಗಿನ ಗೆರೆಯ ಹತ್ತಿರಕ್ಕೆ ಹೋಗುತ್ತಾನೆ.

ನನ್ನ ತಕರಾರು ಇಷ್ಟೇ. ಕನಿಷ್ಠ ಶಿಕ್ಷೆ ಬರೆದ ಶಾಸಕಾಂಗ, ನ್ಯಾಯಾಧೀಶರ ವಿವೇಚನೆಯನ್ನು ತೆಗೆದುಹಾಕಿದೆ ಎಂದುಕೊಳ್ಳುತ್ತದೆ. ವಿವೇಚನೆ ಎಲ್ಲೂ ಹೋಗಿಲ್ಲ, ಕೋರ್ಟ್ ಹಾಲಿನಿಂದ ಎದ್ದು ಮಹಜರು ಬರೆಯುವ ಸಬ್‌ ಇನ್‌ಸ್ಪೆಕ್ಟರ್ ಕೈಗೆ ಬಂದಿದೆ. ನ್ಯಾಯಾಧೀಶರು ಕಾರಣ ಬರೆಯಬೇಕು, ಅದು ಮೇಲ್ಮನವಿಯಲ್ಲಿ ಒರೆಗೆ ಹತ್ತುತ್ತದೆ. ಯಾವ ಉಪಕಲಂ ಹಾಕಿದೆ, ಯಾಕೆ ಹಾಕಿದೆ ಅನ್ನುವುದಕ್ಕೆ ಠಾಣೆಯಲ್ಲಿ ಯಾರೂ ಅಂಥ ಕಾರಣ ಬರೆಯುವುದಿಲ್ಲ. ಅದೇ ಕಾಯ್ದೆಯ 32ಬಿ ಕಲಂ ನೋಡಿ: ಕನಿಷ್ಠಕ್ಕಿಂತ ಹೆಚ್ಚು ಕೊಡಲು ಆಯುಧ ಬಳಕೆ, ಮಕ್ಕಳ ಬಳಕೆ, ಶಾಲೆಯ ಸಮೀಪ ಎಂದೆಲ್ಲ ಪಟ್ಟಿ ಕೊಟ್ಟಿದೆ. ಇಳಿಸಲು ಒಂದೂ ಇಲ್ಲ. ಮೆಟ್ಟಿಲು ಹತ್ತುವುದಕ್ಕೆ ಮಾತ್ರ.

ಸಂಸತ್ತು ಎಷ್ಟು ದೂರ ಹೋಗಬಹುದು ಎಂಬುದಕ್ಕೂ ಮಿತಿ ಇದೆ. ಜೀವಾವಧಿ ಕೈದಿ ಕೊಲೆ ಮಾಡಿದರೆ ಗಲ್ಲು ಬಿಟ್ಟು ಬೇರೆ ಶಿಕ್ಷೆಯೇ ಇಲ್ಲ ಎನ್ನುತ್ತಿದ್ದ, ಹಳೆಯ ದಂಡ ಸಂಹಿತೆಯ (ಐಪಿಸಿ) 303ನೇ ಕಲಮನ್ನು ಸುಪ್ರೀಂ ಕೋರ್ಟ್ 1983ರಲ್ಲಿ ಮಿಠು ಪ್ರಕರಣದಲ್ಲಿ ಹೊಡೆದುಹಾಕಿತು. ಆರೋಪಿಯ ಪರಿಸ್ಥಿತಿ ಕೇಳಲು ಅವಕಾಶವೇ ಇಲ್ಲದಿದ್ದರೆ ಅದು ನ್ಯಾಯವಿಚಾರಣೆಯಾಗದು ಎಂಬುದು ಅಲ್ಲಿನ ತಿರುಳು. ಅದರ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 104ನೇ ಕಲಂ ಈಗ ಎರಡು ದಾರಿ ಕೊಡುತ್ತದೆ: ಗಲ್ಲು, ಇಲ್ಲವೇ ಉಸಿರಿರುವವರೆಗೆ ಜೈಲು. ಆಯುಧ ಕಾಯ್ದೆಯ ಕಡ್ಡಾಯ ಗಲ್ಲು, 27(3), ಅದೂ 2012ರಲ್ಲಿ ಬಿತ್ತು. ಆದರೆ ಕನಿಷ್ಠ ಶಿಕ್ಷೆಯನ್ನು ಕೋರ್ಟು ಹೀಗೆ ನೋಡುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಕೇಸೊಂದರಲ್ಲಿ ಮಧ್ಯಪ್ರದೇಶ ಹೈಕೋರ್ಟ್ ಆರು ತಿಂಗಳ ಕನಿಷ್ಠವನ್ನು ಆಗಲೇ ಕಳೆದ 11 ದಿನಕ್ಕೆ ಇಳಿಸಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಆರು ತಿಂಗಳೇ ಎಂದಿತು. 2025ರ ಮೇನಲ್ಲಿ ಪಶ್ಚಿಮ ಬಂಗಾಳದ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣದಲ್ಲಿ, ಪೂರ್ಣ ನ್ಯಾಯಕ್ಕಾಗಿ ವಿಶೇಷ ಆದೇಶ ಮಾಡಬಹುದೆನ್ನುವ ಸಂವಿಧಾನದ 142ನೇ ವಿಧಿ ಬಳಸಿ ಅದೇ ಕೋರ್ಟು ದೋಷಿಗೆ ಸಜೆಯನ್ನೇ ವಿಧಿಸಲಿಲ್ಲ. ಅದನ್ನು ನಂಬಿ ನಮ್ಮ ಜಿಲ್ಲಾ ಕೋರ್ಟಿನಲ್ಲಿ ವಾದ ಕಟ್ಟಿದರೆ ಕೆಲಸಕ್ಕೆ ಬಾರದು, ಆ ಅಧಿಕಾರ ಇರುವುದು ಸುಪ್ರೀಂ ಕೋರ್ಟಿಗೆ ಮಾತ್ರ.

ಹಾಗಾದರೆ ಕೆಳಗಿನ ಕೋರ್ಟಿನಲ್ಲಿ ಉಸಿರಾಡುವ ಜಾಗ ಎಲ್ಲಿದೆ? ದೋಷಿಯನ್ನು ಜೈಲಿಗೆ ಕಳಿಸದೆ ಒಳ್ಳೆಯ ನಡತೆಯ ಮುಚ್ಚಳಿಕೆ ಮೇಲೆ ಬಿಡುವ 1958ರ ಪ್ರೊಬೇಷನ್ ಕಾಯ್ದೆಯಲ್ಲಿ. ಗಲ್ಲು, ಜೀವಾವಧಿ ಇಲ್ಲದ ಅಪರಾಧಕ್ಕೆ 4ನೇ ಕಲಂ ಅನ್ವಯಿಸುತ್ತದೆ. ಜೀವಾವಧಿ ಇಲ್ಲದ ಅಪರಾಧದಲ್ಲಿ 21 ತುಂಬದವನನ್ನು ಜೈಲಿಗೆ ಕಳಿಸಬೇಕಾದರೆ ಕಾರಣ ಬರೆಯಲೇಬೇಕು, ಅದಕ್ಕೂ ಮುಂಚೆ ಪ್ರೊಬೇಷನ್ ಅಧಿಕಾರಿಯ ವರದಿ ತರಿಸಬೇಕು. ಐಪಿಸಿಯಲ್ಲಿ ಕನಿಷ್ಠ ಶಿಕ್ಷೆ ಇದ್ದರೂ ಈ ದಾರಿ ಮುಚ್ಚುವುದಿಲ್ಲ ಎಂದು 2021ರ ಲಖ್‌ವೀರ್ ಸಿಂಗ್ ತೀರ್ಪು ಹೇಳಿದೆ. ಗಾಂಜಾ ಕೇಸಿಗೆ ಮಾತ್ರ ಸಿಗದು. ಎನ್‌ಡಿಪಿಎಸ್ 33ನೇ ಕಲಂ ಹದಿನೆಂಟು ದಾಟಿದವರಿಗೆ ಇದನ್ನು ಮುಚ್ಚಿದೆ, ಸ್ವಂತ ಸೇವನೆಯಂಥ ಒಂದೆರಡು ಅಪರಾಧ ಬಿಟ್ಟು. ಕಳವಿನಲ್ಲಿ ಸಂಸತ್ತೇ ಎರಡು ಕಡೆ ವಾಲಿದೆ. 5,000 ರೂಪಾಯಿಗಿಂತ ಕಡಿಮೆ ಮಾಲು, ಮೊದಲ ಸಲದ ಶಿಕ್ಷೆ, ಮಾಲು ವಾಪಸ್ ಆಗಿದ್ದರೆ ಸಮುದಾಯ ಸೇವೆ. ಎರಡನೇ ಸಲ ದೋಷಿಯಾದರೆ ಕನಿಷ್ಠ ಒಂದು ವರ್ಷ ಕಠಿಣ ಸಜೆ. ಆದ್ದರಿಂದ ಹಳೆಯ ಶಿಕ್ಷೆಯ ದಾಖಲೆ ತೋರಿಸುತ್ತಿರುವುದು ನಿಜವಾಗಿ ಇವನದೇ, ಅದೇ ಹೆಸರಿನ ಇನ್ನೊಬ್ಬನದೋ ಎಂದು ನೋಡುವುದು ಚಿಕ್ಕ ಕೆಲಸವಲ್ಲ.

ಶಿರಾ, ಮಧುಗಿರಿಯ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಜೆಎಂಎಫ್‌ಸಿ ಕೋರ್ಟುಗಳ ಲೇಖನಿಯ ಉದ್ದವೂ ಅಳೆದಿಟ್ಟದ್ದು: ಮೂರು ವರ್ಷ, 50,000 ರೂಪಾಯಿ. ಅದು ಸಾಲದು ಅನ್ನಿಸಿದರೆ ಕಡತ ಮುಖ್ಯ ಮ್ಯಾಜಿಸ್ಟ್ರೇಟರಾದ ಸಿಜೆಎಂಗೆ, ಅವರಿಗೆ ಏಳು ವರ್ಷದವರೆಗೆ.

ದೋಷಿ ಎಂದ ಮೇಲೆ ನಡೆಯುವ ಶಿಕ್ಷೆಯ ಪ್ರಮಾಣದ ವಿಚಾರಣೆ, ಹೊಸ ದಂಡ ಪ್ರಕ್ರಿಯಾ ಸಂಹಿತೆಯಾದ ಬಿಎನ್‌ಎಸ್‌ಎಸ್ 258(2), ಹೆಚ್ಚಾಗಿ ವ್ಯರ್ಥವಾಗುವ ಹೊತ್ತು. 'ವಯಸ್ಸಾದ ತಾಯಿ ಇದ್ದಾರೆ, ಕರುಣೆ ತೋರಬೇಕು' ಎಂದು ಎರಡು ಸಾಲಲ್ಲಿ ಮುಗಿಸುತ್ತಾರೆ. ಕೊಡಬೇಕಾದ್ದು ಕಾಗದ: ವಯಸ್ಸಿನ ದಾಖಲೆ, ಜೈಲಿನ ನಡತೆಯ ಪ್ರಮಾಣಪತ್ರ, ಆಸ್ಪತ್ರೆ ಚೀಟಿ, ನೊಂದವರಿಗೆ ಹಣ ಕಟ್ಟಿದ ರಸೀದಿ, ವಿಚಾರಣೆಯಲ್ಲಿ ಒಳಗಿದ್ದ ದಿನಗಳ ಲೆಕ್ಕ. ಆ ಕೊನೆಯದನ್ನು ಸೆಟ್ ಆಫ್, ಅಂದರೆ ಶಿಕ್ಷೆಯಲ್ಲಿ ಕಳೆಯಬೇಕಾದ ದಿನಗಳು, ಎಂದು ತೀರ್ಪಿನಲ್ಲಿ ಬರೆಸಿಕೊಳ್ಳದಿದ್ದರೆ ಜೈಲಿನಲ್ಲಿ ಮತ್ತೆ ಅಲೆದಾಟ.

ಜೀವಾವಧಿ ಎಂದರೆ 14 ವರ್ಷ ಅನ್ನುವುದು ಹರಟೆಕಟ್ಟೆಯ ಕಾನೂನು. ಜೀವಾವಧಿ ಎಂದರೆ ಜೀವ ಇರುವವರೆಗೆ. ಗಲ್ಲೂ ಒಂದು ಶಿಕ್ಷೆಯಾಗಿರುವ ಅಪರಾಧಕ್ಕೆ ಜೀವಾವಧಿಯಾದವರಿಗೆ 14 ವರ್ಷ ಕಳೆಯುವ ಮುನ್ನ ಸರ್ಕಾರ ಶಿಕ್ಷೆ ಮಾಫಿ ಮಾಡಿ ಬಿಡುವಂತಿಲ್ಲ, ಅಷ್ಟೇ. ಬೆಂಗಳೂರಿನ ಶ್ರದ್ಧಾನಂದ ಪ್ರಕರಣದಿಂದ, 2008ರಿಂದ, '30 ವರ್ಷ ಮಾಫಿ ಇಲ್ಲ' ಎಂಬಂಥ ಶಿಕ್ಷೆಗೆ ದಾರಿಯಾಯಿತು. ಅದನ್ನು ಬರೆಯುವ ಅಧಿಕಾರ ಹೈಕೋರ್ಟು, ಸುಪ್ರೀಂ ಕೋರ್ಟಿಗೆ ಮಾತ್ರ ಎಂದು 2015ರಲ್ಲಿ ಸಂವಿಧಾನ ಪೀಠ ಹೇಳಿತು. ಸೆಷನ್ಸ್ ತೀರ್ಪಿನಲ್ಲಿ ಆ ಸಾಲು ಕಂಡರೆ ಮೇಲ್ಮನವಿಯ ಮೊದಲ ಕಾರಣ ಅದೇ ಆಗಲಿ.

ಆರೋಪಪಟ್ಟಿಯಲ್ಲಿ ಘಟನೆಯ ದಿನಾಂಕದ ಕೆಳಗೂ ಗೆರೆ ಎಳೆಯಿರಿ. ಸಂವಿಧಾನದ 20(1) ವಿಧಿ ಪ್ರಕಾರ ಆ ದಿನ ಇದ್ದದ್ದಕ್ಕಿಂತ ಭಾರದ ಶಿಕ್ಷೆ ಕೊಡುವಂತಿಲ್ಲ. ಪೋಕ್ಸೊ 4ನೇ ಕಲಂನ ಏಳು ವರ್ಷ ಹತ್ತಕ್ಕೆ ಏರಿದ್ದು 2019ರ ಆಗಸ್ಟ್ 16ರಿಂದ. ಅದಕ್ಕೆ ಹಿಂದಿನ ದಿನದ ಘಟನೆಗೆ, ತೀರ್ಪು ಯಾವತ್ತೇ ಬರಲಿ, ಕನಿಷ್ಠ ಏಳೇ.