ಥರ್ಮಾಮೀಟರ್ 21 ತೋರಿಸುತ್ತಿತ್ತು, ನೆಂಟರೆಲ್ಲ ಅಡುಗೆಮನೆಯಲ್ಲಿದ್ದರು

ಇಂಗ್ಲೆಂಡಿನ ರೆಡಿಂಗ್ ಸುತ್ತಮುತ್ತ ಕನ್ಸರ್ವೇಟರಿಗಳನ್ನು ಸರಿಮಾಡಿಕೊಡುವ ಸಣ್ಣ ತಂಡವೊಂದರಲ್ಲಿ ನನಗೆ ಕೆಲಸ. ಕನ್ಸರ್ವೇಟರಿ ಅಂದರೆ ಮನೆಯ ಹಿಂಬದಿಗೆ ಸೇರಿಸಿ ಕಟ್ಟಿದ ಗಾಜಿನ ಕೋಣೆ. ಲಾಲ್‌ಬಾಗ್ ಗಾಜಿನ ಮನೆಯ ಮರಿ ಅಂದುಕೊಳ್ಳಿ. ಬೇಸಿಗೆಯಲ್ಲಿ ಒಲೆ, ಚಳಿಗಾಲದಲ್ಲಿ ಫ್ರಿಜ್. ಆದರೆ ಕ್ರಿಸ್‌ಮಸ್ ಹತ್ತಿರ ಬಂದರೆ ಎಲ್ಲರಿಗೂ ಅಲ್ಲೇ ನೆಂಟರನ್ನು ಕೂರಿಸುವ ಆಸೆ.

ಸೇರಿದ ಮೊದಲ ವರ್ಷ ನಿವೃತ್ತ ಟೀಚರ್ ಒಬ್ಬರ ಮನೆ ನನ್ನ ಪಾಲಿಗೆ ಬಂತು. ಅಕ್ಟೋಬರ್ ತಿಂಗಳು, ಬೆಳಿಗ್ಗೆ 11 ಗಂಟೆ, ಒಳ್ಳೆ ಬಿಸಿಲು. 4 ಮೀಟರ್ ಉದ್ದ, 3 ಮೀಟರ್ ಅಗಲ. ಅಳತೆ ತಗೊಂಡೆ, ಲೆಕ್ಕ ಹಾಕಿದೆ, ಗೋಡೆಗೆ 3 ಕಿಲೋವ್ಯಾಟ್ ಫ್ಯಾನ್ ಹೀಟರ್ ಹಾಕಿಸಿದೆ. ಎಲ್ಲಿ ಹಾಕಿಸಿದೆ ಗೊತ್ತಾ? ಮನೆಯ ಕಡೆಯ ಇಟ್ಟಿಗೆ ಗೋಡೆಗೆ. ಕರೆಂಟ್ ಪಾಯಿಂಟ್ ಅಲ್ಲೇ ಇತ್ತು, ಅಷ್ಟೇ ಕಾರಣ.

ಡಿಸೆಂಬರ್‌ನಲ್ಲಿ ಅವರ ಫೋನ್ ಬಂತು. ಬೈಯಲಿಲ್ಲ ಪಾಪ. "ರೂಮು ಬೆಚ್ಚಗಿದೆ ಅಂತ ಥರ್ಮಾಮೀಟರ್ ಹೇಳುತ್ತೆ. ಆದರೆ ಅಲ್ಲಿ ಯಾರೂ ಕೂರಲ್ಲ. ಹತ್ತು ನಿಮಿಷಕ್ಕೆ ಎಲ್ಲರೂ ಅಡುಗೆಮನೆಗೆ ಹೋಗಿಬಿಡ್ತಾರೆ" ಅಂದರು.

ಸಂಜೆ 5ಕ್ಕೆ ಹೋದೆ. ಆ ತಿಂಗಳಲ್ಲಿ ಇಲ್ಲಿ 4 ಗಂಟೆಗೇ ಸೂರ್ಯ ಮುಳುಗಿರುತ್ತಾನೆ. ಥರ್ಮಾಮೀಟರ್ ನಿಜವಾಗಿಯೂ 21 ತೋರಿಸುತ್ತಿತ್ತು. ಅದನ್ನು ನೇತುಹಾಕಿದ್ದದ್ದು ಹೀಟರ್ ಪಕ್ಕದ ಗೋಡೆಗೆ! ಜಾಕೆಟ್ ಬಿಚ್ಚಿ, ನೆಂಟರು ಕೂರುವ ಬೆತ್ತದ ಕುರ್ಚಿಯಲ್ಲಿ ಕೂತೆ. ಎದುರಿನಿಂದ ಮುಖಕ್ಕೆ ಬಿಸಿಗಾಳಿ. ಕುತ್ತಿಗೆಯ ಹಿಂದೆ ಮಾತ್ರ ಯಾರೋ ತಣ್ಣೀರು ಸುರಿದ ಹಾಗೆ. ಐದು ನಿಮಿಷಕ್ಕೆ ಅಂಗಾಲು ಜೋಮು ಹಿಡಿಯಿತು. ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಹಿಡಿದು ನೋಡಿದೆ: ಬೆನ್ನ ಹಿಂದಿನ ಗಾಜು 12 ಡಿಗ್ರಿ, ನೆಲದ ಟೈಲ್ಸೂ ಹೆಚ್ಚುಕಡಿಮೆ ಅಷ್ಟೇ.

ಸುತ್ತಲಿನ ಗಾಳಿ ಎಷ್ಟೇ ಬೆಚ್ಚಗಿರಲಿ, ತಣ್ಣನೆಯ ಗಾಜು ಎದುರಿದ್ದರೆ ಮೈಯ ಬಿಸಿ ಅದರ ಕಡೆಗೆ ಹೋಗುತ್ತಲೇ ಇರುತ್ತದೆ. ಸಾಲದ್ದಕ್ಕೆ ಗಾಜಿಗೆ ತಾಗಿದ ಗಾಳಿ ತಣ್ಣಗಾಗಿ, ಭಾರವಾಗಿ, ಕೆಳಗೆ ಜಾರಿ ಕಾಲಿನ ಬಳಿ ಹರಿಯುತ್ತದೆ. ಇಲ್ಲಿನ ಮನೆಗಳಲ್ಲಿ ಕೋಣೆ ಕಾಯಿಸುವ ರೇಡಿಯೇಟರ್ ಕಿಟಕಿಯ ಕೆಳಗೇ ಇರುವುದು ಅದನ್ನು ತಡೆಯೋದಕ್ಕೆ. ಅದನ್ನು ದಿನಾ ನೋಡುತ್ತಿದ್ದೆ, ಯಾಕೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಟೀಚರ್ ಆಗಲೇ ಒಂದು ಉಪಾಯ ಮಾಡಿದ್ದರು: ಮನೆಗೂ ಈ ಕೋಣೆಗೂ ನಡುವಿನ ಬಾಗಿಲು ಕಿತ್ತು, ಇಡೀ ಮನೆ ಕಾಯಿಸುವ ಸೆಂಟ್ರಲ್ ಹೀಟಿಂಗ್‌ನ ಪೈಪನ್ನು ಒಳಗೆ ಎಳೆದುಬಿಡೋದು. ಬೇಡ ಅಂದೆ. ಇಂಗ್ಲೆಂಡಿನಲ್ಲಿ 30 ಚದರ ಮೀಟರ್‌ಗಿಂತ ಚಿಕ್ಕ ಕನ್ಸರ್ವೇಟರಿಗೆ ಕಟ್ಟಡ ನಿಯಮಗಳಿಂದ ವಿನಾಯಿತಿ ಸಿಗುವುದೇ ನಡುವೆ ಹೊರಬಾಗಿಲಿನಂಥ ಆ ಬಾಗಿಲು ಇದ್ದರೆ, ಹೀಟಿಂಗ್ ಬೇರೆಯಾಗಿದ್ದರೆ. ಇನ್ನು ಕೆಲವರು ತರುವ ಸಿಲಿಂಡರ್ ಗ್ಯಾಸ್ ಹೀಟರಂತೂ ಬೇಡವೇ ಬೇಡ. ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಭಯ. ಅದೂ ಅಲ್ಲದೆ ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋ ನೀರಾವಿ.

ಕಡೆಗೆ ಮಾಡಿದ್ದು ಇಷ್ಟು. ಗಾಜಿನ ಕೆಳಗೆ ಎರಡು ಕಡೆ ಆಯಿಲ್ ತುಂಬಿದ ರೇಡಿಯೇಟರ್, ಒಂದೊಂದಕ್ಕೂ ಬೇರೆ ಬೇರೆ ಪಾಯಿಂಟ್. ಉತ್ತರದ ಗಾಜಿಗೆ ಜೇನುಗೂಡಿನಂಥ ಪದರದ ಬ್ಲೈಂಡ್, ಅಂದರೆ ಇಳಿಸಿ ಏರಿಸುವ ಪರದೆ. ಟೈಲ್ಸ್ ಮೇಲೆ ದಪ್ಪ ಫೆಲ್ಟ್, ಅದರ ಮೇಲೆ ಜಮಖಾನೆ. ಕುರ್ಚಿಗಳನ್ನು ಗಾಜಿನಿಂದ ಎರಡಡಿ ಈಚೆಗೆ ಎಳೆದೆವು; ದುಡ್ಡಿಲ್ಲದ ಈ ಕೆಲಸದಿಂದಲೇ ಜಾಸ್ತಿ ಲಾಭ ಆಗಿದ್ದು. ನೆಂಟರು ಬರೋದಕ್ಕೆ ಮೂರು ಗಂಟೆ ಮುಂಚೆಯೇ ಹೀಟರ್ ಹಾಕಿ ಅಂದೆ. ಗಾಳಿ ಬೇಗ ಕಾಯುತ್ತದೆ, ನೆಲ, ಮೇಜು, ಕುರ್ಚಿ ಅಷ್ಟು ಬೇಗ ಕಾಯುವುದಿಲ್ಲ.

ಮತ್ತೆ ವಾರದಲ್ಲೇ ಫೋನು. ಬೆಳಿಗ್ಗೆ ನೋಡಿದರೆ ಕಿಟಕಿಯ ಅಡ್ಡಪಟ್ಟಿ ತುಂಬ ನೀರು! ಬ್ಲೈಂಡ್ ಇಳಿಸಿದರೆ ಅದರ ಹಿಂದಿನ ಗಾಜು ಇನ್ನೂ ತಣ್ಣಗಾಗುತ್ತದೆ, ಜಾಸ್ತಿ ಬೆವರುತ್ತದೆ. 21 ಡಿಗ್ರಿಯ ಗಾಳಿಯಲ್ಲಿ ತೇವಾಂಶ ಶೇ 60 ಇದ್ದರೆ ಸುಮಾರು 13 ಡಿಗ್ರಿಯ ಗಾಜಿನ ಮೇಲೇ ನೀರು ಕೂರುತ್ತದೆ. ಎಂಟು ಜನ, ಒಂದು ದೊಡ್ಡ ಪಾತ್ರೆ ಸೂಪು ಸೇರಿದರೆ ಅಷ್ಟು ತೇವ ಏನೂ ಕಷ್ಟವಲ್ಲ. ಇದನ್ನು ನಾನು ಮೊದಲೇ ಹೇಳಬೇಕಿತ್ತು, ಹೇಳಿರಲಿಲ್ಲ. ಬ್ಲೈಂಡ್ ಕೆಳಗೆ ಒಂದಿಂಚು ಜಾಗ ಬಿಡಿ, ಕಿಟಕಿಯ ಸಣ್ಣ ಗಾಳಿಕಂಡಿ ತೆರೆದಿಡಿ, ನೆಂಟರು ಹೊರಟ ಮೇಲೆ ಹತ್ತು ನಿಮಿಷ ಚಾವಣಿಯ ಕಿಟಕಿ ತೆಗೆಯಿರಿ ಅಂತ ಹೇಳಿದೆ. ಆದರೂ ಒಂದು ಹಳೇ ಟವೆಲ್ ಪಕ್ಕದಲ್ಲಿ ಇರಲೇಬೇಕು, ಅದು ತಪ್ಪಿದ್ದಲ್ಲ.

ಈಗ ಸರ್ವೆಗೆ ಎರಡು ಸಲ ಹೋಗುತ್ತೇನೆ. ಹಗಲು ಅಳತೆಗೆ, ಸಂಜೆ ಸುಮ್ನೆ ಕೂರೋದಕ್ಕೆ. ಮನೆಯವರು ಟೀ ಕೊಡುತ್ತಾರೆ, ಜಾಕೆಟ್ ಬಿಚ್ಚಿಟ್ಟು ಬೆನ್ನನ್ನು ಗಾಜಿಗೆ ಮಾಡಿ ಪೂರ್ತಿ ಲೋಟ ಕುಡಿಯುತ್ತೇನೆ. ಮ್ಯಾನೇಜರ್ ಮಾತ್ರ ಇನ್ನೂ ಪೆಟ್ರೋಲ್ ಬಿಲ್ ನೋಡಿ ಗೊಣಗುತ್ತಾರೆ.