ಬೀದಿಯಿಂದ ಬಂದ ಮರಿಯ ಮೊದಲ ಎರಡು ವಾರ

ಬೀದಿಯಲ್ಲಿ ಸಿಕ್ಕ ಬೆಕ್ಕಿನ ಮರಿಯನ್ನು ಮನೆಗೆ ತಂದವರು ಮೊದಲು ಕೇಳುವುದು ಅದಕ್ಕೆ ಏನು ತಿನ್ನಿಸಬೇಕು ಎಂದು. ಅದಕ್ಕೂ ಮುಂಚೆ ಮರಿಯ ಮೈ ಮುಟ್ಟಿ ನೋಡುವುದು ಒಳ್ಳೆಯದು. ಮೈ ತಣ್ಣಗಾದ ಎಳೆಯ ಮರಿಯ ಕರುಳು ಸರಿಯಾಗಿ ಕೆಲಸ ಮಾಡುವುದಿಲ್ಲವಾದ್ದರಿಂದ, ಆಗ ಕುಡಿಸಿದ ಹಾಲು ಜೀರ್ಣವಾಗದೆ ಉಳಿಯಬಹುದು ಅಥವಾ ಶ್ವಾಸಕೋಶಕ್ಕೇ ಇಳಿಯಬಹುದು. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟು, ಸೆಕೆಯಾದರೆ ಮರಿ ಸರಿದುಕೊಳ್ಳಲು ಜಾಗ ಬಿಟ್ಟು, ಮೈ ಬೆಚ್ಚಗಾದ ಮೇಲೆಯೇ ಉಣಿಸಬೇಕು. ದನದ ಹಾಲು ಬೇಡ. ಅದರಲ್ಲಿರುವ ಲ್ಯಾಕ್ಟೋಸ್ ಭೇದಿ ತರಿಸುತ್ತದೆ ಮತ್ತು ಅಷ್ಟು ಸಣ್ಣ ದೇಹದಲ್ಲಿ ನೀರಿನಂಶ ಬೇಗ ಬತ್ತಿಹೋಗುತ್ತದೆ. ಬೆಕ್ಕಿನ ಮರಿಗಳಿಗೆಂದೇ ತಯಾರಾದ ಹಾಲಿನ ಪುಡಿಯನ್ನು ಕದಡಿ, ಮರಿಯನ್ನು ಅಂಗಾತ ಮಲಗಿಸದೆ ಹೊಟ್ಟೆ ಕೆಳಗಾಗಿ ಇರಿಸಿಕೊಂಡು ಕುಡಿಸಬೇಕು. ಹಾಲು ಕುಡಿಯುವ ವಯಸ್ಸಿನ ಮರಿಯ ತೂಕ ದಿನಕ್ಕೆ ಸುಮಾರು 10ರಿಂದ 15 ಗ್ರಾಂ ಏರುತ್ತದೆ. ತೂಕ ನಿಂತರೆ ಅಥವಾ ಇಳಿದರೆ ಪಶುವೈದ್ಯರ ಬಳಿ ಹೋಗಲು ಬೇರೆ ಲಕ್ಷಣಕ್ಕಾಗಿ ಕಾಯಬಾರದು.

ಮನೆಯಲ್ಲಿ ಬೇರೆ ಬೆಕ್ಕುಗಳಿದ್ದರೆ, ಹೊಸ ಮರಿಯನ್ನು ಕನಿಷ್ಠ ಎರಡು ವಾರ ಬೇರೊಂದು ಕೋಣೆಯಲ್ಲಿಡಬೇಕೆಂಬ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಹಾಗೆ ಇಡುವುದು ನಿಷ್ಕರುಣೆಯೆಂದು ಹಲವರಿಗೆ ಅನ್ನಿಸುತ್ತದೆ. ಆದರೆ ಪ್ಯಾನ್‌ಲ್ಯುಕೋಪೀನಿಯಾ ಎಂಬ ರೋಗದ ವೈರಸ್ ದೇಹ ಸೇರಿ ಲಕ್ಷಣ ಕಾಣಿಸಿಕೊಳ್ಳಲು ಎರಡರಿಂದ ಹತ್ತು ದಿನ ಬೇಕಾಗಬಹುದು, ಅಲ್ಲಿಯವರೆಗೆ ಮರಿ ಆರೋಗ್ಯವಾಗಿಯೇ ಇರುವಂತೆ ಆಡಿಕೊಂಡಿರುತ್ತದೆ. ಆ ವೈರಸ್ ಕರುಳಿನ ಒಳಪದರವನ್ನೂ ಮೂಳೆಯ ಮಜ್ಜೆಯನ್ನೂ ಹಾಳುಮಾಡುವುದರಿಂದ ವಾಂತಿ ಭೇದಿಯ ಜೊತೆಗೆ ಬಿಳಿ ರಕ್ತಕಣಗಳೂ ಕುಸಿಯುತ್ತವೆ, ಅಂದರೆ ರೋಗದೊಡನೆ ಹೋರಾಡಬೇಕಾದ ಶಕ್ತಿಯೇ ಉಡುಗಿಹೋಗುತ್ತದೆ. ನೆಲ, ಬಟ್ಟೆ, ಪಾತ್ರೆಗಳ ಮೇಲೆ ಅದು ತಿಂಗಳುಗಟ್ಟಲೆ ಜೀವಂತವಾಗಿದ್ದು, ನಮ್ಮ ಚಪ್ಪಲಿಯ ಮೂಲಕವೂ ಇನ್ನೊಂದು ಬೆಕ್ಕನ್ನು ತಲುಪಬಲ್ಲದು. ಸಾಮಾನ್ಯ ನೆಲ ಒರೆಸುವ ದ್ರಾವಣಗಳಲ್ಲಿ ಹೆಚ್ಚಿನವು ಇದರ ಮುಂದೆ ನಿಷ್ಪ್ರಯೋಜಕ. ಮೊದಲು ಕೊಳೆ ತೊಳೆದು, ನಂತರ ಒಂದು ಪಾಲು ಬ್ಲೀಚಿಗೆ 32 ಪಾಲು ನೀರು ಬೆರೆಸಿ ಹಚ್ಚಿ, ಹತ್ತು ನಿಮಿಷ ಬಿಡಬೇಕು. ಆ ಕೋಣೆಯ ಬಟ್ಟಲು, ಹಾಸಿಗೆ, ಮಲದ ತಟ್ಟೆ ಎಲ್ಲವೂ ಅಲ್ಲಿಯೇ ಉಳಿಯಬೇಕು, ಹಳೆಯ ಬೆಕ್ಕುಗಳ ಆರೈಕೆ ಮುಗಿಸಿದ ಮೇಲೆಯೇ ಆ ಬಾಗಿಲು ತೆರೆಯಬೇಕು.

ಚಿಗಟಗಳು ತೀರಾ ಎಳೆಯ ಮರಿಯಲ್ಲಿ ರಕ್ತಹೀನತೆಯಿಂದ ಸಾವು ತರುವಷ್ಟು ರಕ್ತ ಹೀರಬಲ್ಲವು. ಒಸಡು ಬಿಳಿಚಿಕೊಂಡಿದ್ದರೆ ತಡಮಾಡಬಾರದು. ನಾಯಿಗಳಿಗೆಂದು ಮಾರುವ ಕೆಲವು ಚಿಗಟದ ಔಷಧಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕುಗಳಿಗೆ ವಿಷವಾದ್ದರಿಂದ, ಎಳೆಯ ಮರಿಯ ಚಿಗಟಗಳನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದಲೇ ತೆಗೆಯುವುದು ಕ್ಷೇಮ. ಜಂತುಹುಳು ತಾಯಿಯ ಹಾಲಿನಿಂದಲೇ ಬರಬಹುದು, ಹಾಗಾಗಿ ಔಷಧ ಬಹುತೇಕ ಎಲ್ಲ ಮರಿಗಳಿಗೂ ಬೇಕು, ಪ್ರಮಾಣ ಮಾತ್ರ ತೂಕ ನೋಡಿ ವೈದ್ಯರೇ ಹೇಳಬೇಕು. ಅಂಟಿಕೊಂಡ ಕಣ್ಣು, ಕಟ್ಟಿದ ಮೂಗು ಸಾಮಾನ್ಯವೆಂದು ಬಿಡುವಂತಿಲ್ಲ, ಏಕೆಂದರೆ ವಾಸನೆ ಸಿಗದ ಮರಿ ಊಟ ಬಿಡುತ್ತದೆ.

ರಕ್ತಪರೀಕ್ಷೆಯಲ್ಲಿ ಎಫ್‌ಐವಿ, ಅಂದರೆ ಬೆಕ್ಕುಗಳ ರೋಗನಿರೋಧಕ ಶಕ್ತಿ ಕುಂದಿಸುವ ವೈರಸ್, ಇದೆಯೆಂದು ಬಂದರೆ ಎದೆಗುಂದಬೇಕಾಗಿಲ್ಲ. ತಾಯಿಯಿಂದ ಬಂದ ಪ್ರತಿಕಾಯಗಳೇ ಹಾಗೆ ತೋರಿಸುವುದುಂಟು, ಮರಿಗೆ ಆರು ತಿಂಗಳು ತುಂಬಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿದರೆ ಸಂಗತಿ ತಿಳಿಯುತ್ತದೆ. ಮುಖ್ಯ ಲಸಿಕೆಗಳು ಆರರಿಂದ ಎಂಟು ವಾರಕ್ಕೆ ಆರಂಭವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ, ಸುಮಾರು 16 ವಾರದವರೆಗೆ ನಡೆಯುತ್ತವೆ.

ಮನೆಯವರ ಆರೋಗ್ಯವೂ ಇದರೊಳಗೇ ಸೇರಿದೆ. ಕೂದಲು ಉದುರಿದ ದುಂಡನೆಯ ಕಲೆಗಳಿದ್ದರೆ ಅದು ಹುಳುಕಡ್ಡಿಯಿರಬಹುದು, ಅದು ಮನುಷ್ಯರಿಗೂ ಅಂಟುತ್ತದೆ. ಟಾಕ್ಸೋಪ್ಲಾಸ್ಮಾ ಪರಾವಲಂಬಿಯು ಮಲದೊಂದಿಗೆ ಹೊರಬಂದ ಒಂದರಿಂದ ಐದು ದಿನಗಳಲ್ಲಿ ಸೋಂಕು ಹರಡುವ ಸ್ಥಿತಿಗೆ ಬರುವುದರಿಂದ, ಮಲದ ತಟ್ಟೆಯನ್ನು ದಿನವೂ ಸ್ವಚ್ಛಗೊಳಿಸಬೇಕು. ಗರ್ಭಿಣಿಯರು ಆ ಕೆಲಸವನ್ನು ಬೇರೆಯವರಿಗೆ ಬಿಡಬೇಕು. ರೇಬೀಸ್ ಇರುವ ಪ್ರದೇಶದಲ್ಲಿ ಮರಿ ಕಚ್ಚಿದರೆ, ಅದೆಷ್ಟೇ ಪುಟ್ಟದಾಗಿರಲಿ, ಗಾಯವನ್ನು 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ವೈದ್ಯರನ್ನು ಕಾಣಬೇಕು.